ಹಾಲು ಕುಡಿಸುವಾಗ ನೋವಾದರೆ ಮೊದಲು ಮಗುವಿನ ಬಾಯಿ ನೋಡಿ

ಎದೆಹಾಲಿನ ಬಗ್ಗೆ ಯಾರೇ ಮಾತಾಡಲಿ, ಹಾಲಿನ ಗುಣದಿಂದಲೇ ಶುರು ಮಾಡುತ್ತಾರೆ. ಮೊದಲ ಹಳದಿ ಹಾಲು ಎಷ್ಟು ಒಳ್ಳೆಯದು, ಆರು ತಿಂಗಳು ಬರೀ ಎದೆಹಾಲು ಯಾಕೆ ಸಾಕು, ಇಂಥವು. ಎಲ್ಲ ನಿಜ. ಆದರೆ ಹೆರಿಗೆಯಾಗಿ ಮೂರೋ ನಾಲ್ಕೋ ದಿನವಾದ ತಾಯಿಗೆ ನಡುರಾತ್ರಿ ಎರಡು ಗಂಟೆಗೆ ಅದ್ಯಾವುದೂ ನೆನಪಿಗೆ ಬರುವುದಿಲ್ಲ. ಮಗು ಮಿಸುಕಾಡಿದರೆ ಸಾಕು, ಅವಳ ಭುಜ ಬಿಗಿಯಾಗುತ್ತದೆ. 'ಅಯ್ಯೋ, ಮತ್ತೆ ಕುಡಿಸಬೇಕಲ್ಲಾ' ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಇವತ್ತು ನಾನು ಮಾತಾಡುವುದು ಆ ಎರಡು ಗಂಟೆಯ ಬಗ್ಗೆ.

ಲೆಕ್ಕ ನೋಡಿ. ಹುಟ್ಟಿದ ಮಗು ಇಪ್ಪತ್ನಾಲ್ಕು ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಪ್ರತಿ ಸಲವೂ ನೋವಾದರೆ ತಾಯಿ ಏನು ಮಾಡುತ್ತಾಳೆ? ಸ್ವಲ್ಪ ತಡ ಮಾಡುತ್ತಾಳೆ. ಬೇಗ ಬಿಡಿಸಿಬಿಡುತ್ತಾಳೆ. ಹಾಲು ಒಳಗೇ ಉಳಿದು ಎದೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಎದೆಯನ್ನು ಬಾಯಲ್ಲಿ ಹಿಡಿಯುವುದು ಮಗುವಿಗೆ ಇನ್ನೂ ಕಷ್ಟ. ಸಿಕ್ಕ ತುದಿಯನ್ನೇ ಕಚ್ಚಿ ಹಿಡಿಯುತ್ತದೆ, ನೋವು ಇನ್ನಷ್ಟು ಜಾಸ್ತಿಯಾಗುತ್ತದೆ. ಹಾಗಾಗಿ ನೋವನ್ನು 'ಹಲ್ಲು ಕಚ್ಚಿಕೊಂಡು ಸಹಿಸಿಕೋ' ಅನ್ನುವುದು ಉಪಾಯವೇ ಅಲ್ಲ. ಸಹಿಸಿಕೊಂಡಷ್ಟೂ ಅದು ಬೆಳೆಯುತ್ತದೆ.

ಎಲ್ಲ ನೋವೂ ತೊಂದರೆಯ ಗುರುತಲ್ಲ ಅನ್ನುವುದೂ ಸರಿಯೇ. ಮೊದಲ ಕೆಲವು ದಿನ ತೊಟ್ಟು ಸೂಕ್ಷ್ಮವಾಗಿರುತ್ತದೆ. ಮಗು ಬಾಯಿ ಹಾಕಿದ ಮೊದಲ ಅರ್ಧ ನಿಮಿಷ, ಒಂದು ನಿಮಿಷ ಚುರ್ ಅನ್ನಬಹುದು. ಹಾಲು ಇಳಿಯಲು ಶುರುವಾದ ಮೇಲೆ ಅದು ಕಡಿಮೆಯಾಗುತ್ತದೆ. ಇಂಥ ನೋವು ಸಾಮಾನ್ಯವಾಗಿ ಮೂರರಿಂದ ಆರನೇ ದಿನದ ಹೊತ್ತಿಗೆ ಹೆಚ್ಚಾಗಿ, ಆಮೇಲೆ ಇಳಿಯುತ್ತಾ ಬರುತ್ತದೆ. ಇದಕ್ಕೆ ಗಾಬರಿ ಬೇಡ. ಕುಡಿಸಿ ಮುಗಿಯುವವರೆಗೂ ನೋವು ಬಿಡದಿದ್ದರೆ, ಕುಡಿಸದೇ ಇರುವಾಗಲೂ ಬಟ್ಟೆ ತಾಗಿದರೆ ಉರಿದರೆ, ಚರ್ಮ ಒಡೆದಿದ್ದರೆ, ರಕ್ತ ಬಂದಿದ್ದರೆ, ಅದು ಬೇರೆ ಮಾತು.

ವಾರ್ಡಿನಲ್ಲಿ ನಾನು ತಾಯಿಯ ಮುಖ ನೋಡುವ ಮೊದಲು ಅವಳ ಕಾಲ್ಬೆರಳು ನೋಡುತ್ತೇನೆ. ಮುಖ ಸುಳ್ಳು ಹೇಳುತ್ತದೆ. ಪಕ್ಕದಲ್ಲಿ ಅತ್ತೆ ನಿಂತಿರುತ್ತಾರೆ, ನೋಡೋಕೆ ಬಂದವರು ಇರುತ್ತಾರೆ. 'ಹೇಗಿದೆಯಮ್ಮಾ?' ಅಂದರೆ 'ಪರವಾಗಿಲ್ಲ ಸಿಸ್ಟರ್' ಅಂತ ನಗುತ್ತಾಳೆ. ಕೆಳಗೆ ಹೊದಿಕೆಯಿಂದ ಹೊರಗೆ ಇಣುಕುವ ಕಾಲ್ಬೆರಳು ಮಾತ್ರ ಮುದುಡಿಕೊಂಡಿರುತ್ತವೆ. ಮನೆಯಲ್ಲಿರುವವರು ಇದನ್ನು ನೆನಪಿಟ್ಟುಕೊಳ್ಳಿ. ಅವಳು ಏನೂ ಹೇಳದಿದ್ದರೂ ಬೆರಳು ಹೇಳುತ್ತದೆ.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಗಂಡಸರೂ ಮಾಡಿ, ನಗಬೇಡಿ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಡಿ. ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಜಾರಿಸಿ. ಮೊದಲು ಗೆರೆಗೆರೆಯಾಗಿ ಗಟ್ಟಿಯಾಗಿ ಸಿಗುತ್ತದೆ ಅಲ್ವಾ? ಅದು ಮೂಳೆ. ಇನ್ನೂ ಹಿಂದೆ ಹೋಗಿ. ಒಂದು ಕಡೆ ಮೂಳೆ ಮುಗಿದು ಮೆತ್ತಗಾಗುತ್ತದೆ. ಸಿಕ್ಕಿತಾ? ಮಗುವಿನ ಬಾಯಿಯೊಳಗೆ ತೊಟ್ಟು ಹೋಗಿ ತಲುಪಬೇಕಾದದ್ದು ಆ ಮೆತ್ತನೆಯ ಜಾಗದ ಹತ್ತಿರಕ್ಕೆ. ಅಲ್ಲಿ ಅದನ್ನು ಉಜ್ಜುವುದು ಏನೂ ಇಲ್ಲ. ಮಗು ಬರೀ ತೊಟ್ಟನ್ನು ಹಿಡಿದರೆ ಅದು ಮುಂದೆಯೇ ಉಳಿಯುತ್ತದೆ. ಮೇಲೆ ಮೂಳೆ, ಕೆಳಗೆ ನಾಲಿಗೆ, ನಡುವೆ ತೊಟ್ಟು. ದಿನಕ್ಕೆ ಹತ್ತು ಸಲ ಹಾಗೆ ಅರೆದರೆ ಯಾವ ಚರ್ಮ ತಾನೇ ತಡೆದೀತು?

ತೊಟ್ಟು ಒಡೆಯುವುದಕ್ಕೆ ಮುಖ್ಯ ಕಾರಣ ಇದೇ. ನಿಮ್ಮ ಚರ್ಮ ನಾಜೂಕು ಅಂತ ಅಲ್ಲ, ನೀವು ಜಾಸ್ತಿ ಹೊತ್ತು ಕುಡಿಸಿದಿರಿ ಅಂತಲೂ ಅಲ್ಲ. 'ಒಂದೊಂದು ಕಡೆ ಹತ್ತೇ ನಿಮಿಷ ಕುಡಿಸು, ಆಗ ನೋವಾಗುವುದಿಲ್ಲ' ಅಂತ ಗಡಿಯಾರ ಹಿಡಿದು ಹೇಳುವವರಿದ್ದಾರೆ. ಹಿಡಿತ ತಪ್ಪಿದ್ದರೆ ಎರಡು ನಿಮಿಷಕ್ಕೇ ಗಾಯವಾಗುತ್ತದೆ. ಸರಿಯಿದ್ದರೆ ಅರ್ಧ ಗಂಟೆ ಕುಡಿದರೂ ಆಗುವುದಿಲ್ಲ. ಇನ್ನು ಗರ್ಭಿಣಿಯಾಗಿದ್ದಾಗಲೇ ಒರಟು ಟವೆಲ್ಲಿನಲ್ಲಿ ತೊಟ್ಟು ಉಜ್ಜಿ 'ಗಟ್ಟಿ' ಮಾಡಿಕೊಳ್ಳಬೇಕು ಅನ್ನುವ ಹಳೆಯ ಸಲಹೆ ಒಂದಿದೆ. ದಯವಿಟ್ಟು ಬಿಡಿ. ಅದರಿಂದ ಏನೂ ಗಟ್ಟಿಯಾಗುವುದಿಲ್ಲ, ಸುಮ್ನೆ ಚರ್ಮ ಹಾಳು.

ಹಿಡಿತ ಸರಿಯಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಮಗು ಬಾಯಿ ಬಿಟ್ಟ ಕೂಡಲೇ ತೊಟ್ಟಿನ ಆಕಾರ ನೋಡಿ. ಒಳಗೆ ಹೋದಾಗ ಇದ್ದ ಹಾಗೇ ದುಂಡಗಿದ್ದರೆ, ಸ್ವಲ್ಪ ಉದ್ದವಾಗಿದ್ದರೂ ಪರವಾಗಿಲ್ಲ. ಹೊಸ ಲಿಪ್‌ಸ್ಟಿಕ್ಕಿನ ತುದಿಯ ಹಾಗೆ ಒಂದು ಕಡೆಗೆ ಓರೆಯಾಗಿ ಚಪ್ಪಟೆಯಾಗಿದ್ದರೆ, ತುದಿಗೆ ಅಡ್ಡಲಾಗಿ ಬಿಳಿ ಗೆರೆ ಮೂಡಿದ್ದರೆ, ಅದು ಮೂಳೆಗೆ ಒತ್ತಿಕೊಂಡಿತ್ತು ಅಂತ ಅರ್ಥ. ಬಿರುಕೂ ಹೆಚ್ಚಾಗಿ ಆ ಗೆರೆಯ ಮೇಲೇ ಬೀಳುತ್ತದೆ.

ಸರಿ, ಹಿಡಿಸುವುದು ಹೇಗೆ? ಈ ಬೊಂಬೆ ನೋಡಿ. ತುಂಬಾ ಜನ ಮಗುವನ್ನು ಹೀಗೆ ಅಂಗಾತ ಮಲಗಿಸಿಕೊಂಡು ಮುಖ ಮಾತ್ರ ಎದೆಯ ಕಡೆ ತಿರುಗಿಸುತ್ತಾರೆ. ಈಗ ನೀವೇ ಕತ್ತು ಪೂರ್ತಿ ಬಲಕ್ಕೆ ತಿರುಗಿಸಿ ಒಂದು ಗುಟುಕು ನೀರು ನುಂಗಿ ನೋಡಿ. ಕಷ್ಟ ಆಯ್ತಲ್ಲ? ಮಗುವಿಗೂ ಅಷ್ಟೇ ಕಷ್ಟ. ಅದಕ್ಕೆ ಮಗುವಿನ ಇಡೀ ಮೈ ನಿಮ್ಮ ಕಡೆ ತಿರುಗಿರಬೇಕು. ಅದರ ಹೊಟ್ಟೆ ನಿಮ್ಮ ಮೈಗೆ ತಾಗಿರಬೇಕು. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು. ಮಧ್ಯೆ ದಪ್ಪ ಹೊದಿಕೆ ಸುತ್ತಿದ್ದರೆ ಈ ಹತ್ತಿರ ಬರುವುದೇ ಇಲ್ಲ, ಅದನ್ನು ಬಿಚ್ಚಿ.

ಈಗ ಮಗುವಿನ ಮೂಗು ತೊಟ್ಟಿನ ಎದುರಿಗೆ ಬರಲಿ. ಬಾಯಿ ಅಲ್ಲ, ಮೂಗು. ಇದು ಎಲ್ಲರಿಗೂ ವಿಚಿತ್ರ ಅನ್ನಿಸುತ್ತದೆ. ಬಾಯಿಯ ಎದುರಿಗೇ ತೊಟ್ಟು ಇಟ್ಟರೆ ಮಗು ತಲೆ ಬಗ್ಗಿಸಿಕೊಂಡೇ ಹಿಡಿಯುತ್ತದೆ. ಗದ್ದವನ್ನು ಎದೆಗೆ ಒತ್ತಿಕೊಂಡು ಬಾಯಿ ದೊಡ್ಡದಾಗಿ ತೆರೆಯಿರಿ ನೋಡೋಣ, ಆಗುವುದಿಲ್ಲ. ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ತೆರೆದು ನೋಡಿ, ತಾನಾಗಿ ತೆರೆಯುತ್ತದೆ. ತೊಟ್ಟು ಮೂಗಿನ ಹತ್ತಿರ ಇದ್ದಾಗ ಮಗು ತಲೆ ಎತ್ತುತ್ತದೆ, ಗದ್ದ ಮುಂದೆ ಬರುತ್ತದೆ. ತೊಟ್ಟಿನಿಂದ ಮೇಲ್ತುಟಿಯನ್ನು ಮೆಲ್ಲಗೆ ಸವರಿ. ಮಗು ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವವರೆಗೆ ಕಾಯಿರಿ. ತೆರೆದ ಕೂಡಲೇ ಮಗುವಿನ ಬೆನ್ನಿಗೆ ಕೈ ಕೊಟ್ಟು ಹತ್ತಿರಕ್ಕೆ ಎಳೆದುಕೊಳ್ಳಿ, ಗದ್ದ ಮೊದಲು ತಾಗಲಿ. ತಲೆಯ ಹಿಂದೆ ಕೈ ಒತ್ತಬೇಡಿ, ಮಗು ಅದಕ್ಕೆ ಎದುರಾಗಿ ಹಿಂದಕ್ಕೆ ತಳ್ಳುತ್ತದೆ. ಎದೆಯನ್ನು ಮಗುವಿನ ಬಾಯಿಗೆ ತುರುಕಲು ನೀವು ಮುಂದೆ ಬಾಗಬೇಡಿ. ಬೆನ್ನು ನೋವು ಬರುವುದಲ್ಲದೆ, ನೀವು ನೆಟ್ಟಗಾದ ಕೂಡಲೇ ತೊಟ್ಟು ಜಾರಿ ಬಾಯಿಯ ತುದಿಗೆ ಬರುತ್ತದೆ.

ಚೆನ್ನಾಗಿ ಹಿಡಿದಿದ್ದರೆ ಗದ್ದ ಎದೆಗೆ ಒತ್ತಿಕೊಂಡಿರುತ್ತದೆ, ಮೂಗು ಬಿಡುವಾಗಿರುತ್ತದೆ. ಕೆಳತುಟಿ ಹೊರಕ್ಕೆ ಮಡಚಿರುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಮೇಲೆ ಒಂದಿಷ್ಟು ಕಾಣುತ್ತದೆ, ಕೆಳಗೆ ಬಹುಮಟ್ಟಿಗೆ ಬಾಯಿಯೊಳಗೆ ಹೋಗಿರುತ್ತದೆ. ಕೆನ್ನೆ ತುಂಬಿಕೊಂಡಿರುತ್ತದೆ. ಕೆನ್ನೆಯಲ್ಲಿ ಗುಳಿ ಬಿದ್ದರೆ, ಚಟ್ ಚಟ್ ಅಂತ ಸದ್ದು ಬಂದರೆ, ಹಿಡಿತ ತಪ್ಪಿದೆ. ಮೊದಲು ಬೇಗ ಬೇಗ ಚೀಪುತ್ತದೆ. ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆದು ನುಂಗುತ್ತದೆ. ಆ ನುಂಗುವ ಸದ್ದು ಒಂದು ಸಲ ಗೊತ್ತಾದರೆ ಕತ್ತಲಲ್ಲೂ ಗೊತ್ತಾಗುತ್ತದೆ.

ತಪ್ಪಿದೆ ಅನ್ನಿಸಿದರೆ 'ಹೇಗೋ ಹಿಡಿದಿದೆಯಲ್ಲ, ಈ ಒಂದು ಸಲ ಇರಲಿ' ಅನ್ನಬೇಡಿ. ಬಿಡಿಸಿ ಮತ್ತೆ ಹಿಡಿಸಿ. ಆದರೆ ಎಳೆದು ಬಿಡಿಸಬಾರದು. ನಿಮ್ಮ ಕಿರುಬೆರಳನ್ನು ತೊಳೆದುಕೊಂಡು ಮಗುವಿನ ಬಾಯಿಯ ಮೂಲೆಯಿಂದ ವಸಡುಗಳ ನಡುವೆ ತೂರಿಸಿ. ಪಟ್ ಅಂತ ಹಿಡಿತ ಸಡಿಲವಾಗುತ್ತದೆ, ಆಮೇಲೆ ತೆಗೆಯಿರಿ. ಒಂದೇ ಹೊತ್ತಿನಲ್ಲಿ ನಾಲ್ಕೈದು ಸಲ ಬಿಡಿಸಿ ಹಿಡಿಸಬೇಕಾಗಬಹುದು. ಮಗು ಸ್ವಲ್ಪ ಸಿಡಿಮಿಡಿ ಮಾಡುತ್ತದೆ, ಕಲಿಯುತ್ತದೆ.

ಕೂತು ಕುಡಿಸಲು ಸರಿ ಹೋಗದಿದ್ದರೆ ಹಿಂದಕ್ಕೆ ಒರಗಿಕೊಳ್ಳಿ. ಪೂರ್ತಿ ಮಲಗಬೇಡಿ, ಅರ್ಧ. ಮಗುವನ್ನು ಬೋರಲಾಗಿ ಎದೆಯ ಮೇಲೆ ಬಿಡಿ. ಮಗು ತಾನೇ ತಲೆ ಆಡಿಸಿಕೊಂಡು ಹುಡುಕುತ್ತದೆ, ತಾನೇ ಗದ್ದ ಊರಿ ಹಿಡಿಯುತ್ತದೆ. ಅದರ ಭಾರವೇ ಅದನ್ನು ಹತ್ತಿರ ಇಡುತ್ತದೆ. ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗುವನ್ನು ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಬರುವಂತೆ ಹಿಡಿಯುವುದು ಹಿತ. ಪಕ್ಕಕ್ಕೆ ಮಲಗಿಯೂ ಕುಡಿಸಬಹುದು. ಯಾವುದು ಶಾಸ್ತ್ರೀಯ ಅಂತ ಕೇಳಬೇಡಿ. ನೋಯದೇ ಇದ್ದು ಮಗುವಿಗೆ ಹಾಲು ಸಿಗುವುದು ಯಾವುದೋ ಅದೇ ಸರಿ.

ಮೂರರಿಂದ ಐದನೇ ದಿನದೊಳಗೆ ಹಾಲು ಒಮ್ಮೆಲೇ ಏರುತ್ತದೆ. ಆಗ ಎದೆ ಬಿಗಿದು, ತೊಟ್ಟು ಚಪ್ಪಟೆಯಾಗಿ, ಕಪ್ಪು ಭಾಗ ಗಟ್ಟಿಯಾಗುತ್ತದೆ. ನಿನ್ನೆವರೆಗೆ ಚೆನ್ನಾಗಿ ಹಿಡಿಯುತ್ತಿದ್ದ ಮಗು ಇವತ್ತು ಜಾರುತ್ತದೆ. ತಾಯಿ ಗಾಬರಿಯಾಗುತ್ತಾಳೆ. ಇದಕ್ಕೆ ಕೈಯಲ್ಲೇ ಮದ್ದಿದೆ. ಕುಡಿಸುವ ಮೊದಲು ಎರಡೂ ಕೈಯ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು, ನಿಮ್ಮ ಎದೆಗೂಡಿನ ಕಡೆಗೆ ಮೆಲ್ಲಗೆ, ಒಂದೇ ಸಮ ಒತ್ತಿ ಹಿಡಿಯಿರಿ. ಒಂದು ನಿಮಿಷ ಹಾಗೇ ಇರಲಿ. ಅಲ್ಲಿ ಸೇರಿದ್ದ ನೀರಿನಂಶ ಹಿಂದಕ್ಕೆ ಸರಿದು ಜಾಗ ಮೆತ್ತಗಾಗುತ್ತದೆ. ಬೇಕಾದರೆ ಸ್ವಲ್ಪ ಹಾಲು ಹಿಂಡಿ ತೆಗೆಯಿರಿ. ಮಗುವಿಗೆ ಹಿಡಿಯಲು ಆಗುವಷ್ಟು ಮಾತ್ರ, ಖಾಲಿ ಮಾಡಲು ಹೋಗಬೇಡಿ. ಹೆಚ್ಚು ತೆಗೆದರೆ ಹೆಚ್ಚು ಹಾಲು ಬೇಕು ಅಂತ ಮೈ ತಿಳಿದುಕೊಳ್ಳುತ್ತದೆ.

ಈಗಾಗಲೇ ಒಡೆದಿದೆ, ಅದಕ್ಕೇನು ಹಚ್ಚಬೇಕು? ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೇಳಿದರೆ ನಿಮಗೆ ಬೇಸರವಾಗಬಹುದು. ಕಾಕ್ರೇನ್ ಸಂಸ್ಥೆ 2014ರಲ್ಲಿ ಈ ಬಗೆಯ ಮದ್ದುಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಲಭ್ಯವಿದ್ದ ಪುರಾವೆ ಕಡಿಮೆಯೇ. ಆದರೂ ಏನೂ ಹಚ್ಚದೇ ಇರುವುದು ಅಥವಾ ತಮ್ಮದೇ ಎದೆಹಾಲು ಹಚ್ಚಿಕೊಳ್ಳುವುದು ಲ್ಯಾನೊಲಿನ್ ಮುಲಾಮಿನಷ್ಟೇ, ಬಹುಶಃ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಬಹುದು ಅಂತ ಕಂಡಿತು. ಏನೇ ಹಚ್ಚಿದರೂ ಹೆಚ್ಚಿನವರಿಗೆ ಏಳರಿಂದ ಹತ್ತು ದಿನದ ಹೊತ್ತಿಗೆ ನೋವು ಇಳಿದಿತ್ತು. ಹಾಗಂತ ಮುಲಾಮು ಬೇಡ ಅನ್ನುತ್ತಿಲ್ಲ. ಶುದ್ಧ ಲ್ಯಾನೊಲಿನ್ ತೆಳ್ಳಗೆ ಹಚ್ಚಿದರೆ ಬಟ್ಟೆ ಅಂಟುವುದಿಲ್ಲ, ಹಿತ ಅನ್ನಿಸುತ್ತದೆ, ಕುಡಿಸುವ ಮೊದಲು ಒರೆಸಬೇಕಾಗಿಯೂ ಇಲ್ಲ. ಆದರೆ ಹಿಡಿತ ಸರಿಪಡಿಸದೆ ಮುಲಾಮು ಹಚ್ಚುತ್ತಾ ಕೂತರೆ ಪ್ರತಿ ಎರಡು ಗಂಟೆಗೊಮ್ಮೆ ಗಾಯ ಹೊಸದಾಗಿ ಒಡೆಯುತ್ತಲೇ ಇರುತ್ತದೆ.

ಸೋಪು ಹಾಕಿ ತೊಳೆಯುವುದನ್ನು ಬಿಡಿ. ಕಪ್ಪು ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳ ಹಾಗೆ ಕಾಣುತ್ತವಲ್ಲ, ಅವು ಮಾಂಟ್‌ಗೊಮರಿ ಗ್ರಂಥಿಗಳು. ಚರ್ಮ ಒಣಗದಂತೆ ಎಣ್ಣೆ ಬಿಡುವುದೇ ಅವುಗಳ ಕೆಲಸ. ಸೋಪು ಆ ಎಣ್ಣೆಯನ್ನೇ ತೆಗೆಯುತ್ತದೆ. ಸ್ನಾನದ ನೀರು ಸಾಕು. ಒದ್ದೆಯಾದ ಪ್ಯಾಡನ್ನು ಹೊತ್ತು ಹೊತ್ತಿಗೆ ಬದಲಿಸಿ. ಅದು ಗಾಯಕ್ಕೆ ಅಂಟಿಕೊಂಡಿದ್ದರೆ ಕೀಳಬೇಡಿ, ನೀರು ಹಾಕಿ ನೆನೆಸಿ ತೆಗೆಯಿರಿ.

ಗಾಯ ಇರುವಾಗ ಕುಡಿಸುವುದು ಹೇಗೆ? ಕಡಿಮೆ ನೋವಿರುವ ಕಡೆಯಿಂದ ಶುರು ಮಾಡಿ. ಹಸಿದ ಮಗು ಮೊದಲು ಜೋರಾಗಿ ಎಳೆಯುತ್ತದೆ, ಎರಡನೇ ಕಡೆಗೆ ಬರುವ ಹೊತ್ತಿಗೆ ಸಮಾಧಾನವಾಗಿರುತ್ತದೆ. ಅಳುವವರೆಗೆ ಕಾಯಿಸಬೇಡಿ. ಬಾಯಿ ಚಪ್ಪರಿಸುವಾಗಲೇ, ಕೈ ಬಾಯಿಗೆ ಒಯ್ಯುವಾಗಲೇ ಎತ್ತಿಕೊಳ್ಳಿ. ಮೊದಲೇ ಕೈಯಲ್ಲಿ ಸ್ವಲ್ಪ ಹಿಂಡಿ ಹಾಲು ಇಳಿಸಿಕೊಂಡರೆ ಆ ಮೊದಲ ನಿಮಿಷದ ಬರಿ ಎಳೆತ ತಪ್ಪುತ್ತದೆ. ನೋವು, ಹೆದರಿಕೆ ಇದ್ದಾಗ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನು ತಡವಾಗುತ್ತದೆ, ಹಾಲು ಇದ್ದರೂ ಬರುವುದಿಲ್ಲ. ಅದನ್ನೇ 'ನಿನಗೆ ಹಾಲೇ ಇಲ್ಲ' ಅಂತ ಯಾರೋ ತೀರ್ಪು ಕೊಟ್ಟುಬಿಡುತ್ತಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಮಾತ್ರೆಗಳು. ನಿಮಗೆ ಬೇರೆ ಕಾಯಿಲೆ ಏನಾದರೂ ಇದ್ದರೆ ಡಾಕ್ಟರನ್ನು ಕೇಳಿ ತಗೊಳ್ಳಿ. ಮಾತ್ರೆ ನುಂಗಿದರೆ ತಾಯ್ತನ ಕಡಿಮೆಯಾಗುವುದಿಲ್ಲ.

ಒಂದು ಕಡೆ ತೀರಾ ಆಗುವುದೇ ಇಲ್ಲ ಅನ್ನಿಸಿದರೆ ಆ ಕಡೆಗೆ ಒಂದೆರಡು ದಿನ ಬಿಡುವು ಕೊಡಿ. ಬಿಡುವು ತೊಟ್ಟಿಗೆ, ಹಾಲಿಗಲ್ಲ. ಮಗು ಕುಡಿಯುವ ಹೊತ್ತಿಗೇ ಆ ಕಡೆಯ ಹಾಲು ಹಿಂಡಿ, ಸಣ್ಣ ಬಟ್ಟಲಿನಲ್ಲೋ ಚಮಚದಲ್ಲೋ ಕುಡಿಸಿ. ಪಂಪ್ ಬಳಸುವವರು ಅದರ ಕೊಳವೆಯ ಬಾಯಿ ನಿಮ್ಮ ತೊಟ್ಟಿನ ಅಳತೆಗೆ ಸರಿಯಿದೆಯೇ ನೋಡಿ. ಎಳೆತ ಜೋರಿಟ್ಟರೆ ಹಾಲು ಜಾಸ್ತಿ ಬರುತ್ತದೆ ಅನ್ನುವುದು ತಪ್ಪು. ಪಂಪಿನಿಂದಲೇ ಗಾಯ ಮಾಡಿಕೊಂಡು ಮಗುವನ್ನು ದೂರುವವರನ್ನು ನೋಡಿದ್ದೇನೆ.

ಇಲ್ಲಿ ಒಬ್ಬರು ಕೇಳಿದರು: ಮಗು ಕಕ್ಕಿದ ಹಾಲಿನಲ್ಲಿ ರಕ್ತದ ಎಳೆ ಕಂಡರೆ? ನಿಮ್ಮ ತೊಟ್ಟು ಒಡೆದಿದ್ದರೆ ಅದು ಬಹುಮಟ್ಟಿಗೆ ನಿಮ್ಮದೇ ರಕ್ತ. ಮಗುವಿಗೆ ಅದರಿಂದ ತೊಂದರೆಯಿಲ್ಲ, ಕುಡಿಸುವುದನ್ನು ನಿಲ್ಲಿಸಬೇಕಿಲ್ಲ. ತೊಟ್ಟಿನಲ್ಲಿ ಗಾಯವೇ ಇಲ್ಲದೆ ರಕ್ತ ಕಂಡರೆ ತೋರಿಸಿ.

ಹಿಡಿತ ಚೆನ್ನಾಗಿದ್ದೂ ನೋವು ಹೋಗದಿದ್ದರೆ ಬೇರೆ ಕಾರಣ ಹುಡುಕಬೇಕು. ಅವುಗಳಲ್ಲಿ ಒಂದನ್ನು ಯಾರೂ ಬೇಗ ಗುರುತಿಸುವುದಿಲ್ಲ. ಮಗು ಬಾಯಿ ಬಿಟ್ಟ ಮೇಲೆ ನೋವು ಶುರುವಾಗುತ್ತದೆ. ತೊಟ್ಟು ಬೆಳ್ಳಗಾಗುತ್ತದೆ, ಕೆಲವರಿಗೆ ಆಮೇಲೆ ನೀಲಿ, ಆಮೇಲೆ ಕೆಂಪು. ಚುಚ್ಚಿದ ಹಾಗೆ, ಉರಿದ ಹಾಗೆ ಒಳಗಿನವರೆಗೆ ನೋವು. ಸ್ನಾನ ಮುಗಿಸಿ ಹೊರಗೆ ಬಂದಾಗ, ತಣ್ಣನೆ ಗಾಳಿ ತಾಗಿದಾಗಲೂ ಬರುತ್ತದೆ. ಇದು ಅಲ್ಲಿನ ರಕ್ತನಾಳಗಳು ಸೆಟೆದುಕೊಳ್ಳುವುದರಿಂದ. ಚಳಿಯಲ್ಲಿ ಕೈಬೆರಳು ಬೆಳ್ಳಗಾಗುವವರಿಗೆ ಇದು ಜಾಸ್ತಿ. ಇವರು ಐಸ್ ಇಟ್ಟುಕೊಂಡರೆ ನೋವು ಇನ್ನೂ ಹೆಚ್ಚುತ್ತದೆ. ಮಗು ಬಿಟ್ಟ ತಕ್ಷಣ ಮುಚ್ಚಿಕೊಳ್ಳಬೇಕು, ಒಣ ಬಿಸಿ ಬಟ್ಟೆ ಇಟ್ಟುಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ಡಾಕ್ಟರು ನಿಫೆಡಿಪಿನ್ ಅನ್ನುವ ಮಾತ್ರೆ ಕೊಡುವುದುಂಟು. ಆದರೆ ಮೊದಲು ಹಿಡಿತ ನೋಡಿಯೇ ಮುಂದೆ ಹೋಗಬೇಕು, ಯಾಕೆಂದರೆ ಮೂಳೆಗೆ ಒತ್ತಿದ ತೊಟ್ಟೂ ಬೆಳ್ಳಗಾಗುತ್ತದೆ.

ಫಂಗಸ್ ಸೋಂಕೂ ಆಗಬಹುದು. ಚೆನ್ನಾಗಿ ಕುಡಿಸುತ್ತಿದ್ದವರಿಗೆ ಒಮ್ಮೆಲೇ ಉರಿ, ತುರಿಕೆ, ಚರ್ಮ ಹೊಳೆಯುವುದು, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಕಲೆ. ಆಗ ಇಬ್ಬರಿಗೂ ಒಟ್ಟಿಗೇ ಮದ್ದಾಗಬೇಕು. ಒಬ್ಬರಿಗೆ ಮಾತ್ರ ಕೊಟ್ಟರೆ ಅದು ಅವರಿಂದ ಇವರಿಗೆ ತಿರುಗುತ್ತಿರುತ್ತದೆ. ಕೆಲವು ಮಕ್ಕಳಿಗೆ ನಾಲಿಗೆಯ ಕೆಳಗಿನ ಎಳೆ ಗಿಡ್ಡವಾಗಿರುತ್ತದೆ, ನಾಲಿಗೆ ಮುಂದೆ ಬರುವುದಿಲ್ಲ. ಇದನ್ನು ಮಗು ಹಾಲು ಕುಡಿಯುವುದನ್ನು ಪೂರ್ತಿ ನೋಡಿಯೇ ತೀರ್ಮಾನಿಸಬೇಕು. ಬಾಯಿ ತೆರೆಸಿ ಒಂದು ಸಲ ಇಣುಕಿ 'ಕತ್ತರಿಸಿಬಿಡೋಣ' ಅನ್ನುವವರ ಮಾತಿಗೆ ನಾನಂತೂ ತಕ್ಷಣ ಒಪ್ಪುವುದಿಲ್ಲ.

ಇನ್ನು ತಡ ಮಾಡಬಾರದ್ದು. ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ, ಜೊತೆಗೆ ಚಳಿಜ್ವರ ಬಂದರೆ ಅದು ಎದೆ ಬಾವು. ಒಡೆದ ತೊಟ್ಟಿನಿಂದ ಒಳಹೋದ ಸೋಂಕೂ ಇದಕ್ಕೆ ಕಾರಣವಾಗಬಹುದು. ಆಗಲೂ ಕುಡಿಸುವುದನ್ನು ನಿಲ್ಲಿಸಬೇಡಿ, ಹಾಲು ಮಗುವಿಗೆ ಸುರಕ್ಷಿತ. ಹಿಂದೆ ನಾವೆಲ್ಲ ಜೋರಾಗಿ ತಿಕ್ಕಿ, ಬಿಸಿ ಕೊಟ್ಟು, ಪೂರ್ತಿ ಖಾಲಿ ಮಾಡಿ ಅನ್ನುತ್ತಿದ್ದೆವು. ಎದೆಹಾಲಿನ ವಿಷಯದಲ್ಲಿ ಕೆಲಸ ಮಾಡುವ ವೈದ್ಯರ ಸಂಸ್ಥೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಆ ಸಲಹೆಯನ್ನೇ ತಿರುಗಿಸಿತು. ಜೋರಾಗಿ ತಿಕ್ಕಬೇಡಿ, ಮಗುವಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಾಲು ತೆಗೆಯಬೇಡಿ, ತಣ್ಣನೆ ಪಟ್ಟಿ ಇಡಿ ಅನ್ನುವುದು ಈಗಿನ ಮಾತು. ಒಂದು ದಿನದೊಳಗೆ ಇಳಿಯದಿದ್ದರೆ, ಅಥವಾ ಜ್ವರ ಏರುತ್ತಲೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ತೊಟ್ಟಿನಲ್ಲಿ ಕೀವು ಕಂಡರೂ ಹೋಗಿ. ನೀರು ತುಂಬಿದ ಸಣ್ಣ ಗುಳ್ಳೆಗಳ ಗುಂಪು ಎದ್ದಿದ್ದರೆ ತೋರಿಸುವವರೆಗೆ ಆ ಕಡೆ ಕುಡಿಸಲೇಬೇಡಿ. ಅದು ಹರ್ಪಿಸ್ ಅನ್ನುವ ವೈರಸ್ ಸೋಂಕಾಗಿದ್ದರೆ ಎಳೆಮಗುವಿಗೆ ಅಪಾಯ.

ನೋವಿನ ಗಲಾಟೆಯಲ್ಲಿ ಮಗುವಿಗೆ ಹಾಲು ಸಾಲುತ್ತಿದೆಯೇ ಅನ್ನುವುದನ್ನು ಮರೆಯಬಾರದು. ಹಿಡಿತ ತಪ್ಪಿದರೆ ನಿಮಗೆ ನೋವು, ಮಗುವಿಗೆ ಹಸಿವು. ಐದನೇ ದಿನದ ನಂತರ ದಿನಕ್ಕೆ ಆರಾದರೂ ಸಲ ಚೆನ್ನಾಗಿ ಮೂತ್ರ ಮಾಡಬೇಕು. ಹುಟ್ಟಿದ ಮೇಲೆ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬಂದಿರಬೇಕು. ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಅವತ್ತೇ ಕರೆದುಕೊಂಡು ಹೋಗಿ.

ಗಂಡಂದಿರು ಇದುವರೆಗೆ ಸುಮ್ಮನೆ ಕೇಳಿದ್ದೀರಿ, ನಿಮಗೂ ಕೆಲಸ ಇದೆ. ಕುಡಿಸುವಾಗ ಮೇಲಿನಿಂದ ನೋಡುವ ತಾಯಿಗೆ ಮಗುವಿನ ಕೆಳತುಟಿ ಕಾಣುವುದೇ ಇಲ್ಲ, ಪಕ್ಕದಲ್ಲಿ ಕೂತ ನಿಮಗೆ ಕಾಣುತ್ತದೆ. ತುಟಿ ಒಳಕ್ಕೆ ಮಡಚಿದ್ದರೆ ಹೇಳಿ, ಬೆನ್ನಿಗೆ ದಿಂಬು ಕೊಡಿ, ನೋಡಲು ಬಂದವರನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ. ನಾಲ್ಕು ಜನರ ಎದುರು ಸೆರಗು ಹೊದ್ದುಕೊಂಡು ಯಾವ ಹೊಸ ತಾಯಿಯೂ ಹಿಡಿತ ಸರಿಪಡಿಸಿಕೊಳ್ಳಲಾರಳು. ಎರಡು ದಿನ ಪ್ರಯತ್ನಿಸಿಯೂ ನೋವು ಇಳಿಯದಿದ್ದರೆ ಹಾಲುಣಿಸುವ ಸಲಹೆಗಾರರನ್ನೋ, ಅನುಭವದ ನರ್ಸನ್ನೋ ಹುಡುಕುವುದೂ ನಿಮ್ಮ ಕೆಲಸ. ಫೋನಿನಲ್ಲಿ ಕೇಳಿದರೆ ಸಾಲದು, ಮಗು ಕುಡಿಯುವುದನ್ನು ಅವರು ಎದುರಿಗೆ ಕೂತು ನೋಡಬೇಕು.

ಇಷ್ಟೆಲ್ಲ ಮಾಡಿಯೂ ಸಾಕು ಅಂತ ತೀರ್ಮಾನಿಸುವವರು ಇರುತ್ತಾರೆ. ಅವರನ್ನು ನಾನು ಬೈಯುವುದಿಲ್ಲ. ಆದರೆ ಒಂದೇ ದಿನ ನಿಲ್ಲಿಸಬೇಡಿ, ಎದೆ ಕಟ್ಟಿ ಬಾವು ಬರುತ್ತದೆ. ಮೊದಲು ದಿನದ ಒಂದು ಹೊತ್ತು ಬಿಡಿ. ಎರಡು ಮೂರು ದಿನ ನೋಡಿ ಇನ್ನೊಂದು ಹೊತ್ತು ಬಿಡಿ. ನಡುವೆ ಬಿಗಿ ಅನ್ನಿಸಿದರೆ ಹಗುರಾಗುವಷ್ಟು ಮಾತ್ರ ಹಿಂಡಿ. ಬಿಟ್ಟ ಹೊತ್ತಿಗೆ ಮಗುವಿಗೆ ಏನು, ಎಷ್ಟು ಕೊಡಬೇಕು ಅನ್ನುವುದನ್ನು ಮಕ್ಕಳ ಡಾಕ್ಟರ ಹತ್ತಿರ ಕೇಳಿಕೊಂಡೇ ಶುರು ಮಾಡಿ.